ಅರ್ಧ ಪಟ್ಟಿಯ ಮಳೆಗಾಲ

ಬೆಳಿಗ್ಗೆ ಎದ್ದು ಬಾಗಿಲಿಗೆ ನೀರು ಹಾಕಿ ರಂಗೋಲಿ ಎಳೆದೆ. ಹಾಲು ಕಾಯಿಸಿದೆ. ಗಂಡನ ಡಬ್ಬಿಗೆ ಚಪಾತಿ, ಬದನೆಕಾಯಿ ಪಲ್ಯ ತುಂಬಿದೆ. ನಲ್ಲಿಯಲ್ಲಿ ನೀರು ಬಂದಿತ್ತು, ಬ್ಯಾರಲ್ ತಿಕ್ಕಿ ತುಂಬಿಸಿದೆ. ಅತ್ತೆಯ ಮೊಣಕಾಲಿಗೆ ಎಣ್ಣೆ ತಿಕ್ಕಿದೆ. ಮಾವ ಕೃತಕ ಕಾಲಿನ ಒಳಗೆ ಹಾಕಿಕೊಳ್ಳುವ ಉಣ್ಣೆಯ ಚೀಲಗಳನ್ನು ಒಗೆದು ಹಗ್ಗಕ್ಕೆ ಹಾಕಿದೆ, ಬಿಸಿಲು ಸರಿದಂತೆ ಅವನ್ನೂ ಸರಿಸಿದೆ. ಶೇಂಗಾ ಹುರಿದು ಚಟ್ನಿ ಕುಟ್ಟಿದೆ. ಮಧ್ಯಾಹ್ನ ಖಾನಾಪುರ ಕಡೆಯ ಬಸ್ಸಿನಿಂದ ಇಳಿದು ಬಂದ ಕಲ್ಲವ್ವನ ತಲೆಯ ಮೇಲಿನ ಚೀಲ ಇಳಿಸಿಕೊಂಡು, ಅಡುಗೆಮನೆಯ ಮೂಲೆಗೆ ತಂದು ಬಾಯಿ ಬಿಚ್ಚಿದೆ.

ಹೊಸ ಅಕ್ಕಿ. ಚೀಲದಿಂದ ಆ ಘಮ ಎದ್ದು ಮುಖಕ್ಕೆ ಬಡಿದಾಗ ನಾನು ಅಲ್ಲೇ ಕುಕ್ಕರಗಾಲಿನಲ್ಲಿ ಕೂತುಬಿಟ್ಟೆ. ನಮ್ಮ ಮನೆಯಲ್ಲಿ ಈ ವಾಸನೆಯೇ ಇಲ್ಲದ ಒಂದು ಮಳೆಗಾಲ ಹೋಗಿತ್ತು. ಆ ಮಳೆಗಾಲದ ಬಹುಪಾಲು ಕಿರಾಣಿ ಅಂಗಡಿಯ ಅಕ್ಕಿ ಉಂಡೆವು. ಅನ್ನವೇನೋ ಬೆಳ್ಳಗೇ ಆಗುತ್ತಿತ್ತು, ಆದರೆ ಯಾರೂ ಎರಡನೇ ಸಲ ನೀಡಿಸಿಕೊಳ್ಳುತ್ತಿರಲಿಲ್ಲ.

ನಮ್ಮ ಮನೆ ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುವ ರಸ್ತೆಗೆ ಹತ್ತಿಕೊಂಡ ಗಲ್ಲಿಯಲ್ಲಿದೆ, ಪೀರನವಾಡಿಗಿಂತ ಸ್ವಲ್ಪ ಈಚೆ. ಮಾವ ಸೈನ್ಯದಲ್ಲಿ ಹವಾಲ್ದಾರರಾಗಿದ್ದವರು. ಗಡಿಯಲ್ಲಿ ನೆಲಬಾಂಬು ಸಿಡಿದು ಅವರ ಎಡಗಾಲು ಮೊಣಕಾಲಿನ ಕೆಳಗೆ ಹೋಯಿತು. ಅದರ ಕಥೆಯನ್ನು ಅವರು ಹೇಳುವುದಿಲ್ಲ. ಕೇಳಿದವರಿಗೆ, "ಆ ಕಾಲ ಇನ್ನೂ ಅಲ್ಲೇ ಡ್ಯೂಟಿ ಮ್ಯಾಲೈತಿ, ರಿಟೈರ್ ಆದಾವ ನಾ ಒಬ್ಬನ" ಅಂದು ನಗುತ್ತಾರೆ.

ಅವರ ಪಲ್ಟನ್ನಿನಲ್ಲಿದ್ದು ತೀರಿಹೋದವರ ಹೆಂಡಂದಿರು ಖಾನಾಪುರ ತಾಲೂಕಿನಲ್ಲಿ ಅಲ್ಲೊಬ್ಬರು ಇಲ್ಲೊಬ್ಬರು ಇದ್ದಾರೆ. ಕಲ್ಲವ್ವ ಪಾರಿಶ್ವಾಡದವಳು, ಲಕ್ಷ್ಮೀಬಾಯಿ ಖಾನಾಪುರದವಳೇ. ತಿಂಗಳಿಗೊಮ್ಮೆ ಇವರು ಬೆಳಗಾವಿಯ ದಂಡು ಪ್ರದೇಶವಾದ ಕ್ಯಾಂಪಿನ ಮಿಲಿಟರಿ ಕ್ಯಾಂಟೀನಿಗೆ ಸಾಮಾನಿಗೆಂದೋ, ದವಾಖಾನೆಗೆ ಗುಳಿಗೆಗೆಂದೋ ಬರಬೇಕು. ಅಲ್ಲಿ ನಸುಕಿನಲ್ಲೇ ಸರತಿ ಸಾಲಿನಲ್ಲಿ ಪಾಳಿ ಹಚ್ಚಬೇಕು, ಊರಿನ ಮೊದಲ ಬಸ್ಸು ಹಿಡಿದರೂ ತಡವಾಗುತ್ತದೆ. ಹಾಗಾಗಿ ಹಿಂದಿನ ದಿನವೇ ಬಂದು ನಮ್ಮ ಪಡಸಾಲೆಯಲ್ಲಿ ಮಲಗುತ್ತಾರೆ. ನಾನು ಈ ಮನೆಗೆ ಸೊಸೆಯಾಗಿ ಬರುವ ಮೊದಲಿನಿಂದಲೂ ಇದು ನಡೆದುಬಂದದ್ದು. ಬರುವಾಗ ಯಾರೂ ಬರಿಗೈಯಲ್ಲಿ ಬರುವುದಿಲ್ಲ. ಅಕ್ಕಿ, ಬೆಲ್ಲ, ಹುರುಳಿ, ಕಡೆಗೆ ಹಿತ್ತಲ ಬಾಳೆಕಾಯಿಯಾದರೂ ಸರಿ. ಅದನ್ನು ಅತ್ತೆ ಅಡುಗೆಮನೆಯ ಮೂಲೆಯಲ್ಲಿ ಸಾಲಾಗಿ ಇಡುತ್ತಾರೆ, ಯಾರು ಬಂದರೂ ಕಾಣುವ ಹಾಗೆ.

ಮನೆಗೆ ಕಟ್ಟುವ ತೆರಿಗೆಯನ್ನು ನಮ್ಮಲ್ಲಿ ಪಟ್ಟಿ ಅನ್ನುತ್ತೇವೆ. ಮಾಜಿ ಸೈನಿಕರು ತಾವೇ ವಾಸವಿರುವ ಮನೆಯ ಪಟ್ಟಿಯಲ್ಲಿ ಅರ್ಧ ಬಿಡುತ್ತಾರೆ ಎಂಬುದು ನನಗೆ ಗೊತ್ತಾದದ್ದು ಆ ವರ್ಷದ ಬೇಸಿಗೆಯಲ್ಲಿ. ನನ್ನ ಗಂಡ ಕೆಲಸ ಮಾಡುವ ಫೌಂಡ್ರಿಯಲ್ಲಿ ಪಾಳಿ ಕಡಿಮೆಯಾಗಿತ್ತು, ನಾನು ಎಲ್ಲದರಲ್ಲೂ ಉಳಿತಾಯ ಹುಡುಕುತ್ತಿದ್ದೆ. ಮಾವ ಮೊದಲು ಒಪ್ಪಲಿಲ್ಲ. "ಸುನಂದಾ, ಇದು ಹಕ್ಕೋ, ದಯಾನೋ? ಹಕ್ಕಾದ್ರ ತಗೋಳೂಣು. ದಯಾ ಆದ್ರ ಬ್ಯಾಡವಾ" ಅಂದರು. ಹಕ್ಕೇ ಎಂದು ಪಟ್ಟಿ ಕಟ್ಟುವ ಕಚೇರಿಯಲ್ಲಿ ಕೇಳಿ ಬಂದು ಹೇಳಿದ ಮೇಲೆ ಕೋಟು ಹಾಕಿಕೊಂಡು ಹೊರಟರು.

ಕಿಟಕಿಯಲ್ಲಿದ್ದ ಗುಮಾಸ್ತನನ್ನು ಅವರು ತಮಾಷೆಗೆಂದೇ ಕೇಳಿದರು. "ಮುದುಕ ಅಂತ ಏನರ ಬಿಡತೀರೇನ್ರಿ?"

"ಇಲ್ಲರಿ ಅಜ್ಜಾರ."

"ಕಾಲಿಲ್ಲ ಅಂತ?"

"ಅದಕ್ಕೂ ನಮ್ಮಲ್ಲಿ ಇಲ್ಲರಿ. ಮಿಲಿಟರಿ ಮಂದಿಗಿ ಅಷ್ಟ ಐತಿ."

"ಛಲೋ ಆತು ಬಿಡು. ವಯಸ್ಸಾದದ್ದಕ್ಕ, ಕಾಲ ಕಳಕೊಂಡಿದ್ದಕ್ಕ ರೊಕ್ಕ ಬಿಡಸಿಕೊಂಡ್ರ ನನಗೂ ನಾಚಿಕಿ" ಅಂದರು ಮಾವ. ಅವರ ಹಿಂದೆ ಪಾಳಿಯಲ್ಲಿ ಊರುಗೋಲು ಹಿಡಿದು ನಿಂತಿದ್ದ ಇನ್ನೊಬ್ಬ ಅಜ್ಜ ಮಾತ್ರ, "ನಿಮಗ ನಾಚಿಕಿ ಇರಲಿ, ನಮಗ ಬಿಟ್ರ ಸಾಕಾಗಿತ್ತು" ಎಂದು ಗೊಣಗಿದ. ಮಾವನಿಗೆ ಆ ಮಾತು ಹಿಡಿಸಿತು. ಮನೆಗೆ ಬರುವವರೆಗೆ, "ಅಂವ ಹೇಳಿದ್ದೂ ಖರೇನ ಐತಿ" ಅನ್ನುತ್ತಲೇ ಇದ್ದರು.

ಜೂನಿನಲ್ಲಿ ಮಿರಗದ ಮಳೆ ಹಿಡಿದ ಹೊತ್ತಿಗೆ ಮನೆ ನೋಡಿಹೋಗಲು ಕಚೇರಿಯಿಂದ ತಪಾಸಣೆಯ ಸಾಹೇಬರು ಬಂದರು. ಅಂದು ಮರುದಿನದ ಕ್ಯಾಂಟೀನಿಗೆಂದು ಬಂದ ಹೆಂಗಸರಿಂದ ಪಡಸಾಲೆ ತುಂಬಿತ್ತು. ಗೋಡೆಯುದ್ದಕ್ಕೂ ಗಂಟುಗಳು, ಹಾಸಿಗೆ ಸುರುಳಿಗಳು, ಹಗ್ಗದ ಮೇಲೆ ಹಸಿ ಸೀರೆಗಳು. ಮಾವ ದವಾಖಾನೆಗೆ ಹೋಗಿದ್ದರು. ಸಾಹೇಬರು ಅತ್ತೆಯನ್ನು, "ಇವರೆಲ್ಲ ಯಾರ್ರಿ ಅಜ್ಜಿ?" ಎಂದು ಕೇಳಿದರು.

"ನಮ್ಮವರ ರೀ. ತಿಂಗಳಾ ತಿಂಗಳಾ ಬಂದ ಇರತಾರ."

"ಸುಮ್ಮನ ಇರತಾರೇನ?"

ಇಲ್ಲಿ ಅತ್ತೆಗೆ ಕೆಣಕಿದಂತಾಯಿತು. ತಮ್ಮ ಮನೆಗೆ ಬರುವವರು ಗತಿಯಿಲ್ಲದವರೆಂದು ಈ ಸಾಹೇಬ ತಿಳಿದಾನೇ ಎಂದು ಎದ್ದು, ಅವರನ್ನು ಅಡುಗೆಮನೆಯ ಬಾಗಿಲಿಗೇ ಕರೆದೊಯ್ದು ಮೂಲೆ ತೋರಿಸಿದರು. "ಸುಮ್ಮನ ಯಾಕ ಇದ್ದಾರು? ಈ ಅಕ್ಕಿ ಚೀಲ ನೋಡ್ರಿ, ಕಲ್ಲವ್ವಂದು. ಆ ಬೆಲ್ಲ ಲಕ್ಷ್ಮೀಬಾಯಿದು. ಒಬ್ಬಾಕೀನೂ ತಪ್ಪಸೂದಿಲ್ಲ!"

"ತರದಿದ್ರ?"

"ತರದ ಹ್ಯಾಂಗ ಬರತಾರ್ರಿ?"

ಸಾಹೇಬರು ಬರೆದುಕೊಂಡರು. ಅತ್ತೆ ಅವರಿಗೆ ಚಹಾ ಕೊಟ್ಟು, ಮನೆತನದ ಮಾನ ಉಳಿಸಿದ ಸಮಾಧಾನದಲ್ಲಿ ಬಾಗಿಲವರೆಗೆ ಕಳಿಸಿ ಬಂದರು.

ನೋಟೀಸು ಬಂದಾಗ ಗಂಡ ಓದಿದ. ಮನೆಯನ್ನು ಹೊರಗಿನವರ ವಸತಿಗೆ ಕೊಡಲಾಗಿದೆ, ಧಾನ್ಯದ ರೂಪದಲ್ಲಿ ಬಾಡಿಗೆ ಪಡೆಯಲಾಗುತ್ತಿದೆ, ಆದ್ದರಿಂದ ರಿಯಾಯಿತಿ ಇಲ್ಲ, ಪಟ್ಟಿಯನ್ನು ವ್ಯಾಪಾರದ ದರದಲ್ಲಿ ಏರಿಸಲಾಗುವುದು. ಅರ್ಧ ಬಿಡಿಸಿಕೊಳ್ಳಲು ಹೋದವರಿಗೆ ಇದ್ದದ್ದೂ ಏರುವುದಿತ್ತು. ಅದಕ್ಕಿಂತ ಹೆಚ್ಚು ನಾಟಿದ್ದು 'ಬಾಡಿಗೆ' ಎಂಬ ಮಾತು. ಮಾವ ಅದನ್ನು ಮತ್ತೊಮ್ಮೆ ಓದಿಸಿದರು. ಅತ್ತೆ ಸೆರಗನ್ನು ಬಾಯಿಗೆ ಹಿಡಿದು, "ನಾ ಏನ ಹೇಳಿದೆ, ಇವರ ಏನ ಬರದ್ರು!" ಎಂದು ಅಲ್ಲೇ ಕೂತರು.

ಗಲ್ಲಿಗೆ ಸುದ್ದಿಯಾಗಲು ಹೊತ್ತು ಹಿಡಿಯಲಿಲ್ಲ. ಕಿರಾಣಿ ಅಂಗಡಿಯವನು ಮಾವನನ್ನು ನೋಡಿ, "ಹವಾಲ್ದಾರ್ರ, ರೂಮ್ ಖಾಲಿ ಅದಾವೇನ್ರಿ?" ಎಂದ. ಅವನದು ಬರೀ ಚೇಷ್ಟೆ. ಆದರೆ ಮಾವ ಅಂದಿನಿಂದ ಆ ಅಂಗಡಿಯ ಕಟ್ಟೆಗೆ ಕೂಡಲು ಹೋಗುವುದನ್ನು ಬಿಟ್ಟರು.

ನಾನೂ ಮಾವನೂ ಕಚೇರಿಗೆ ಹೋದೆವು. ತಪಾಸಣೆಯ ಸಾಹೇಬರು ಕೆಟ್ಟವರೇನಲ್ಲ, ಕುರ್ಚಿ ಕೊಟ್ಟರು. "ಅಜ್ಜಾರ, ಕಣ್ಣಿಗೆ ಕಂಡದ್ದನ್ನ ಬರದೇನಿ, ಸಿಟ್ಟಾಗಬ್ಯಾಡ್ರಿ. ಒಂದ ಕೆಲಸ ಮಾಡ್ರಿ. ಇನ್ನ ಮ್ಯಾಲೆ ಹೊರಗಿನವರು ಯಾರೂ ಇರೂದಿಲ್ಲಂತ ಒಂದ ಸಾಲ ಬರದ ಕೊಡ್ರಿ. ಅರ್ಧಾ ಮಾಡಿಸಿ ಕೊಡತೀನಿ" ಅಂದರು.

"ಹೊರಗಿನವರು ಈಗೂ ಯಾರೂ ಇಲ್ಲರಿ."

"ಮತ್ತ ಆ ಹೆಣ್ಣಮಕ್ಕಳು?"

ಮಾವ ಮೇಜಿನ ಮೇಲಿನ ಪೇಪರ್‌ವೇಟನ್ನು ಪಕ್ಕಕ್ಕೆ ಸರಿಸಿದರು. "ಸಾಹೇಬ್ರ, ಅವರ ಗಂಡಂದಿರ ಜೋಡಿ ಒಂದ ಬಂಕರಿನಾಗ ಮಲಗೇನಿ ನಾ. ಒಬ್ಬರ ಕಂಬಳಿ ಒಬ್ಬರು ಹೊತಗೊಂಡೇವಿ. ಅಲ್ಲೆ ಯಾರೂ ಯಾರಿಗೂ ಬಾಡಿಗಿ ಕೇಳಿಲ್ಲ. ಅವರ ಹೆಂಡ್ರು ಹೊರಗಿನವರಂತ ನನ್ನ ಕೈಲೆ ಬರಸಬ್ಯಾಡ್ರಿ" ಎಂದು ಎದ್ದರು. ಕೃತಕ ಕಾಲು ನೆಲಕ್ಕೆ ತಾಕುವ ಸಪ್ಪಳ ಮೆಟ್ಟಿಲು ಇಳಿಯುವವರೆಗೂ ಕೇಳುತ್ತಿತ್ತು.

ಆ ದಿನದಿಂದ ಮಾವ ಸಂಜೆ ಕಾಲು ಬಿಚ್ಚುವುದನ್ನು ಬಿಟ್ಟರು. ಮೊದಲೆಲ್ಲ ದೀಪ ಹಚ್ಚುವ ಹೊತ್ತಿಗೆ ಅದನ್ನು ಬಿಚ್ಚಿ ಗೋಡೆಗೆ ಆನಿಸಿ ಹಾಯಾಗಿ ಕೂಡುತ್ತಿದ್ದರು. ಈಗ ಮನೆಯವರೆಲ್ಲ ಮಲಗುವವರೆಗೆ ಬಾಗಿಲ ಬಳಿಯ ಕುರ್ಚಿಯಲ್ಲಿ ಕಾಲು ಕಟ್ಟಿಕೊಂಡೇ ಇರುತ್ತಿದ್ದರು. ಗಲ್ಲಿಯಲ್ಲಿ ಸ್ಕೂಟರಿನ ಸಪ್ಪಳವಾದರೆ ಎದ್ದು ನಿಲ್ಲುತ್ತಿದ್ದರು. "ಯಾರರ ತಪಾಸಣಿಗೆ ಬಂದ್ರ ಒಂಟಿಗಾಲಲೆ ನಿಲ್ಲಲೇನು?" ಅನ್ನುತ್ತಿದ್ದರು. ಮಳೆಯ ತಂಪಿಗೆ ಕಾಲಿನ ಮೊಂಡು ಕೆಂಪಾಗಿ ಹುಣ್ಣಾಯಿತು. ನಾನು ಮುಲಾಮು ಹಚ್ಚುತ್ತಿದ್ದೆ, ಅವರು ಮತ್ತೆ ಕಾಲು ಕಟ್ಟಿಕೊಳ್ಳುತ್ತಿದ್ದರು.

ಮುಂದಿನ ತಿಂಗಳು ಹೆಂಗಸರು ಬರಲಿಲ್ಲ. ಅತ್ತೆ ಹಾಸಿಗೆ ಬಿಡಿಸಿ ಇಟ್ಟು ಬಸ್ಸಿನ ಹೊತ್ತಿಗೆ ಬಾಗಿಲಿಗೆ ಬಂದು ನಿಂತದ್ದೇ ಬಂತು. ಮಳೆಯಿಂದ ಬಸ್ಸು ನಿಂತಿರಬೇಕು ಎಂದುಕೊಂಡೆವು. ಮರುದಿನ ಬೆಳಿಗ್ಗೆ ಮಾವನ ಜೊತೆ ನಾನು ಕ್ಯಾಂಪಿಗೆ ಹೋದೆ. ಕ್ಯಾಂಟೀನಿನ ಪಾಳಿಯಲ್ಲಿ, ತೊಯ್ದ ಸೆರಗು ಹೊದ್ದು, ಕಲ್ಲವ್ವ ಮತ್ತು ಲಕ್ಷ್ಮೀಬಾಯಿ ನಿಂತಿದ್ದರು. ನಮ್ಮನ್ನು ನೋಡಿ ಇಬ್ಬರೂ ಮುಖ ತಿರುಗಿಸಿದರು.

"ಎಲ್ಲಿ ಇದ್ರಿ ನಿನ್ನೆ?" ಮಾವ ಕೇಳಿದರು.

ಕಲ್ಲವ್ವ ತೊಯ್ದ ಸೆರಗು ಹಿಂಡತೊಡಗಿದಳು. ಮರಾಠಿ ಕೂಡಿಸಿ ಮಾತಾಡುವ ಲಕ್ಷ್ಮೀಬಾಯಿಯೇ ಧೈರ್ಯ ಮಾಡಿದಳು. "ಬಸ್ ಸ್ಟ್ಯಾಂಡಿನಾಗ ಅಣ್ಣಾ. ಲೈಟ್ ಇರತಾವ, ಮಂದಿ ಇರತಾರ. ಕಾಹೀ ತ್ರಾಸ ನಾಹೀ, ಏನೂ ತ್ರಾಸಿಲ್ಲ."

"ಯಾಕ?"

"ನಮ್ಮ ಸಲವಾಗಿ ನಿಮ್ಮ ಪಟ್ಟಿ ಏರತೈತಂತ. ಊರಾಗ ಗೊತ್ತಾತು."

ಮಾವನ ಧ್ವನಿ ಇಡೀ ಪಾಳಿಗೆ ಕೇಳುವಷ್ಟು ಏರಿತು. "ನಿಮ್ಮನ್ನ ಬಸ್ ಸ್ಟ್ಯಾಂಡಿನ ಕಲ್ಲ ಮ್ಯಾಲೆ ಮಲಗಿಸಿ ಅರ್ಧಾ ಉಳಿಸಿಕೊಂಡ್ರ ಆ ಅರ್ಧಾ ನನ್ನ ಗಂಟಲಾಗ ಇಳಿತೈತೇನ? ಸಾಮಾನ ತಗೋರಿ, ಸೀದಾ ಮನಿಗಿ ನಡೀರಿ. ಇದು ಕೇಳಿಕೊಳ್ಳೂದಲ್ಲ, ಆರ್ಡರ್!"

ಪಾಳಿಯಲ್ಲಿದ್ದ ಒಬ್ಬ ಹಳೆಯ ಸುಬೇದಾರರು, "ಯೆಸ್ ಸರ್!" ಎಂದು ಸಲ್ಯೂಟು ಹೊಡೆದೇಬಿಟ್ಟರು. ಎಲ್ಲರೂ ನಕ್ಕರು. ಕಲ್ಲವ್ವ ಮಾತ್ರ ಅಳುತ್ತ ನಗುತ್ತಿದ್ದಳು.

ಹೆಂಗಸರು ಮತ್ತೆ ಬರತೊಡಗಿದರು, ಆದರೆ ಅತ್ತೆ ಒಂದು ಕಟ್ಟಳೆ ಹಾಕಿದರು. ಯಾರೂ ಏನೂ ತರಕೂಡದು. ಒಂದು ನಿಂಬೆಹಣ್ಣನ್ನೂ. ಮೂಲೆಯಲ್ಲಿದ್ದ ಚೀಲಗಳನ್ನೂ ವಾಪಸು ಹೊರಿಸಿ ಕಳಿಸಿದರು. ಹಾಗೆ ಆ ಮೂಲೆ ಬರಿದಾಯಿತು. ಊಟಕ್ಕೆ ಕೂತರೆ ಕಲ್ಲವ್ವ ತುತ್ತು ಕಲಸುತ್ತಲೇ ಇರುತ್ತಿದ್ದಳು. "ಬರಿಗೈಲೆ ಬಂದ ಉಂಡ್ರ ಅನ್ನ ಇಳಿಯೂದಿಲ್ಲ ಅಕ್ಕಾ" ಎಂದು ಎದ್ದು ಪಾತ್ರೆ ತಿಕ್ಕಲು ಹೋಗುತ್ತಿದ್ದಳು. ಅತ್ತೆ ಓಡಿಹೋಗಿ ಕೈಯಿಂದ ಪಾತ್ರೆ ಕಸಿದುಕೊಳ್ಳುತ್ತಿದ್ದರು. "ತಿಕ್ಕಬ್ಯಾಡ ತಾಯಿ! ಅದನ್ನೂ ಬಾಡಿಗಿ ಅಂದಾರು!"

ನಾನು ಮೇಲಿನ ಅಧಿಕಾರಿಗೆ, ಮತ್ತೊಮ್ಮೆ ಮನೆ ನೋಡಿ ತೀರ್ಮಾನಿಸಬೇಕೆಂದು ಅರ್ಜಿ ಬರೆದೆ. ಉತ್ತರ ಬರದಿದ್ದಾಗ ಹೋಗಿ ಕೇಳಿದೆ. ಮತ್ತೆ ಹೋದೆ. ಛತ್ರಿ ಗಾಳಿಗೆ ಮುರಿಯಿತು, ಗಂಡನ ರೇನ್‌ಕೋಟು ಹಾಕಿಕೊಂಡು ಹೋದೆ. ಶ್ರಾವಣ ಹಿಡಿಯುವ ಹೊತ್ತಿಗೆ ನನ್ನ ಮುಖ ನೋಡುತ್ತಲೇ ಗುಮಾಸ್ತ, "ಬರ್ರಿ ಹವಾಲ್ದಾರ್ ಸೊಸಿ, ಕುಂದರ್ರಿ. ನಮಗಿಂತ ನೀವ ಹೆಚ್ಚ ಆಫೀಸಿಗಿ ಬರತೀರಿ" ಎಂದು ನಗುವಷ್ಟು ಸಲಿಗೆಯಾಯಿತು.

ಕಡೆಗೆ ಒಂದು ಮಧ್ಯಾಹ್ನ, ಮಳೆ ಕೊಡಗಟ್ಟಲೆ ಸುರಿಯುವಾಗ, ಮೇಲಿನ ಅಧಿಕಾರಿ ಬಂದರು. ನಡುವಯಸ್ಸಿನ ಹೆಣ್ಣುಮಗಳು. ಜೊತೆಗೆ ಅದೇ ತಪಾಸಣೆಯ ಸಾಹೇಬರು. ಕ್ಯಾಂಟೀನಿನ ಹಿಂದಿನ ದಿನವಾದ್ದರಿಂದ ಹೆಂಗಸರೆಲ್ಲ ಇದ್ದರು. ಅವತ್ತು ಒಬ್ಬರೂ ಇರದಿದ್ದರೆ ಎಷ್ಟು ಚೆನ್ನಾಗಿತ್ತು ಎಂದುಕೊಂಡೆ. ಮಾವ ಮಾತ್ರ ಎದ್ದು ನಿಂತು, "ಬರ್ರಿ, ಇವರ ನೋಡ್ರಿ ನಮ್ಮ ಮನಿ ಮಂದಿ" ಎಂದು ಒಬ್ಬೊಬ್ಬರನ್ನೂ ಹೆಸರು ಹಿಡಿದು, ಗಂಡನ ಹೆಸರು ಹಿಡಿದು ಪರಿಚಯಿಸಿದರು.

ಮೇಡಂ ಎಲ್ಲರಿಗೂ ಕೈ ಮುಗಿದು, ಕೈಚೀಲದಿಂದ ಬೇಕರಿಯ ಟೋಸ್ಟಿನ ಪಾಕೀಟು ತೆಗೆದು ಅತ್ತೆಯ ಮುಂದೆ ಹಿಡಿದರು. "ತಗೋರಿ ಅಜ್ಜಿ. ಬರೂ ಮುಂದ ಕ್ಯಾಂಪಿನಾಗ ತಗೊಂಡೆ. ಚಹಾದಾಗ ಅದ್ದಿದ್ರ ಮೆತ್ತಗ ಆಗತಾವ."

ಅತ್ತೆ ಎರಡೂ ಕೈ ಹಿಂದೆ ಕಟ್ಟಿಕೊಂಡು ಒಂದು ಹೆಜ್ಜೆ ಸರಿದರು.

"ಬ್ಯಾಡ್ರಿ ಬಾಯಾರ. ತಗೊಂಡ ಹೋಗ್ರಿ."

"ಯಾಕ್ರಿ ಅಜ್ಜಿ?"

"ತಗೊಂಡ್ರ ಬಾಡಿಗಿ ಆಗತೈತಿ."

ಅತ್ತೆ ಚುಚ್ಚಲೆಂದು ಹೇಳಿದ್ದಲ್ಲ. ಅವರ ಮುಖದಲ್ಲಿ ನಿಜವಾದ ಭಯವಿತ್ತು. ಮೇಡಂಗೆ ಅರ್ಥವಾಗಲಿಲ್ಲ. "ನಾ ಇಲ್ಲಿ ಇರಾಕ ಬಂದಿಲ್ಲಲ್ಲ ಅಜ್ಜಿ?" ಅಂದರು.

"ಮಳಿ ನಿಲ್ಲೂತನಕ ಅಂತೂ ಇರತೀರಿ" ಅಂದರು ಅತ್ತೆ. "ಈ ಸಾಹೇಬ್ರು ಆ ಮೂಲಿ ನೋಡಿ ಬರಕೊಂಡಾರ. ಬಂದವರು ಏನ ತಂದ್ರೂ ಅದು ಬಾಡಿಗಿ ಅಂತ. ಹಿರೇರ ಮನಿಗಿ ಬರಿಗೈಲೆ ಹೋಗಬಾರದಂತ ನಿಮಗೂ ನಿಮ್ಮ ಅವ್ವ ಹೇಳಿರಬೇಕು. ಇವರಿಗೂ ಇವರ ಅವ್ವಂದಿರು ಹೇಳ್ಯಾರ. ತಪ್ಪ ನಂದ ರೀ. ಹೆಮ್ಮಿಲೆ ತೋರಿಸಿಬಿಟ್ಟೆ."

ಹೆಂಚಿನ ಮೇಲೆ ಮಳೆ ಸುರಿಯುತ್ತಲೇ ಇತ್ತು. ಟೋಸ್ಟಿನ ಪಾಕೀಟು ಮೇಡಂ ಕೈಯಲ್ಲೇ ಇತ್ತು. ಅವರು ಅದನ್ನು ನೋಡಿದರು, ಬರಿದಾದ ಮೂಲೆಯನ್ನು ನೋಡಿದರು, ಆಮೇಲೆ ತಪಾಸಣೆಯ ಸಾಹೇಬರನ್ನು ನೋಡಿದರು. ಸಾಹೇಬರು ತೊಯ್ದ ತಮ್ಮ ಕಾಲುಚೀಲ ನೋಡಿಕೊಳ್ಳುತ್ತಿದ್ದರು. ಮೇಡಂಗೆ ನಗು ತಡೆಯಲಾಗಲಿಲ್ಲ. ನಗುತ್ತ ನಗುತ್ತ ಕಣ್ಣು ಒರೆಸಿಕೊಂಡರು.

"ನಡೀರಿ ಸಾಹೇಬ್ರ, ಇವತ್ತಿನಿಂದ ನಾನೂ ಇವರ ಬಾಡಿಗಿದಾರಳು" ಅಂದರು. ಆಮೇಲೆ ನಗು ನಿಲ್ಲಿಸಿ ಹೇಳಿದ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ. "ಬಂದವರು ತಂದದ್ದನ್ನ ಬಾಡಿಗಿ ಅಂತ ಬರಕೋತ ಹೋದ್ರ ಈ ಜಿಲ್ಲಾದಾಗ ಸ್ವಂತ ವಾಸದ ಮನಿ ಒಂದೂ ಉಳಿಯೂದಿಲ್ಲ. ನಿಮ್ಮದೂ ಇಲ್ಲ, ನಂದೂ ಇಲ್ಲ. ಆ ವರದಿ ತಿದ್ದಿ ತರ್ರಿ, ಸಹಿ ಮಾಡತೀನಿ."

ಸಾಹೇಬರು ತಲೆ ಎತ್ತಿ ಮಾವನನ್ನು ನೋಡಿ, "ನಮ್ಮ ಅವ್ವಗ ಈ ಕಥಿ ಹೇಳಿದ್ರ ಮನ್ಯಾಗ ನನಗ ಊಟ ಹಾಕೂದಿಲ್ಲರಿ ಅಜ್ಜಾರ" ಎಂದರು. "ಇಲ್ಲೇ ಉಣ್ಣು ಬಾರಪಾ, ಬಾಡಿಗಿ ಇಲ್ಲ" ಅಂದರು ಮಾವ. ಪಡಸಾಲೆ ತುಂಬ ನಗು ಎದ್ದಿತು. ಎಷ್ಟೋ ವಾರಗಳ ನಗು ಅಲ್ಲೇ ಎಲ್ಲೋ ಕಟ್ಟಿಕೊಂಡಿತ್ತೇನೋ.

ಆದರೂ ಮೇಡಂ ಕೈಗಿಟ್ಟು ಹೋದ ಟೋಸ್ಟಿನ ಪಾಕೀಟನ್ನು ಅತ್ತೆ ಒಡೆಯಲಿಲ್ಲ. ಬಾಯಿಮಾತಿಗೆ ಅವರು ಒಮ್ಮೆ ಸಿಕ್ಕಿಬಿದ್ದಿದ್ದರಲ್ಲ. ಪಾಕೀಟನ್ನು ಸ್ಟೀಲಿನ ಡಬ್ಬಿಗೆ ಹಾಕಿ ಮುಚ್ಚಿ, "ಬರದದ್ದು ಕೈಗೆ ಬರಲಿ" ಅಂದರು.

ಮಳೆ ಹಿಂದಕ್ಕೆ ಸರಿಯುವ ದಿನಗಳಲ್ಲಿ ಆದೇಶ ಬಂತು. ಸ್ವಂತ ವಾಸದ ಮನೆ, ಅರ್ಧ ಮಾಫಿ. ಅಂದು ಪಟ್ಟಿ ಕಟ್ಟಲು ಮಾವ ಮೆಡಲು ಹಚ್ಚಿದ ಕೋಟು ಹಾಕಿಕೊಂಡು ಹೊರಟರು. ಕಲ್ಲವ್ವ, ಲಕ್ಷ್ಮೀಬಾಯಿ ಕ್ಯಾಂಟೀನಿನ ಚೀಲ ಹೊತ್ತುಕೊಂಡೇ ನಮ್ಮ ಹಿಂದೆ ಬಂದರು. ತಪಾಸಣೆಯ ಸಾಹೇಬರು ಹೊರಗೆ ಬಂದು ಕುರ್ಚಿ ಹಾಕಿದರೂ ಮಾವ ಕೂಡಲಿಲ್ಲ, ಎಲ್ಲರಂತೆ ಪಾಳಿಯಲ್ಲಿ ನಿಂತರು. ಪಾವತಿಯ ರಸೀದಿ ಕೈಗೆ ಬಂದಾಗ ಅದನ್ನು ಲಕ್ಷ್ಮೀಬಾಯಿಯ ಕೈಗೆ ಕೊಟ್ಟು, "ಹಿಡಿ. ನಿನ್ನ ಗಂಡನೂ ಪಲ್ಟನ್ನಿನಾಂವ. ನಿನ್ನ ಖಾನಾಪುರದ ಮನಿಗೂ ಹಿಂಗ ಬಿಡತಾರೇನು ಕೇಳೂಣು. ನಾಳಿ ಅಲ್ಲೇ ಹೋಗೂಣು" ಅಂದರು. ಹೋದರು, ಕೇಳಿದರು, ಅದೂ ಆಯಿತು. ಲಕ್ಷ್ಮೀಬಾಯಿಯ ಮನೆಗೆ ಅಂದು ನಾವು ಕೊಬ್ಬರಿ ಬಟ್ಟಲು, ಅರ್ಧ ಡಜನ್ ಬಾಳೆಹಣ್ಣು ಒಯ್ದಿದ್ದೆವು. ಬರಿಗೈಲಿ ಹೇಗೆ ಹೋಗುವುದು?

ಪಟ್ಟಿ ಕಟ್ಟಿದ ದಿನ ಕಚೇರಿಯಿಂದ ಬರುವಾಗ ದಾರಿಯಲ್ಲಿ ಕಿರಾಣಿ ಅಂಗಡಿಯ ಕಟ್ಟೆಗೆ ಮಾವ ತಾವೇ ಹೋಗಿ ಕೂತರು. "ರೂಮ್ ಖಾಲಿ ಇಲ್ಲಪಾ, ಎಲ್ಲಾ ತುಂಬ್ಯಾವ" ಎಂದು ಲಕ್ಷ್ಮೀಬಾಯಿಯಿಂದ ರಸೀದಿ ಇಸಿದುಕೊಂಡು ಗಾಳಿ ಬೀಸಿಕೊಂಡರು. ಅಂಗಡಿಯವನು ಕಿವಿ ಹಿಡಿದುಕೊಂಡು ಪೆಪ್ಪರ್ಮೆಂಟು ಕೊಟ್ಟ.

ಅಂದು ಸಂಜೆ ಅತ್ತೆ ಸ್ಟೀಲಿನ ಡಬ್ಬಿ ತೆಗೆದರು. ಮಳೆಗಾಲದ ಗಾಳಿಗೆ ಟೋಸ್ಟು ಮೆತ್ತಗಾಗಿತ್ತು, ಚಹಾದಲ್ಲಿ ಅದ್ದಿದ ಕೂಡಲೇ ಮುರಿದು ತಳಕ್ಕೆ ಬೀಳುತ್ತಿತ್ತು. ಎಲ್ಲರೂ ಚಮಚೆಯಿಂದ ತೆಗೆದು ತಿಂದೆವು. ಕಲ್ಲವ್ವ ಸೆರಗಿನ ಗಂಟಿನಿಂದ, ಕಟ್ಟಳೆ ಮುರಿದು ಮುಚ್ಚಿ ತಂದಿದ್ದ ಎರಡು ಹಿಡಿ ಅಕ್ಕಿ ತೆಗೆದು ಅತ್ತೆಯ ಮುಂದೆ ಇಟ್ಟಳು. ಅತ್ತೆ ಬೈಯಲಿಲ್ಲ. ಅಂಗಡಿಯ ಅಕ್ಕಿಯ ಜೊತೆ ಅದನ್ನೂ ತೊಳೆದು ಒಲೆಗೆ ಇಟ್ಟರು. ಜೋಳದ ಭಕ್ಕರಿ, ಹುರುಳಿಯ ಕಟ್ಟಿನ ಸಾರು, ಶೇಂಗಾ ಚಟ್ನಿ, ಉಳ್ಳಾಗಡ್ಡಿ, ಅನ್ನ. ಕಲ್ಲವ್ವ ಎರಡು ಸಲ ನೀಡಿಸಿಕೊಂಡಳು. ಪಾತ್ರೆಯನ್ನೂ ಅವಳೇ ತಿಕ್ಕಿದಳು, ಯಾರೂ ತಡೆಯಲಿಲ್ಲ.

ನಾನು ಒಲೆ ಸಾರಿಸಿ ಪಡಸಾಲೆಗೆ ಬಂದಾಗ ಹೆಂಗಸರು ಇನ್ನೂ ಹಾಸಿಗೆ ಬಿಡಿಸುತ್ತಿದ್ದರು, ಅತ್ತೆ ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಬಾಗಿಲ ಬಳಿಯ ಕುರ್ಚಿ ಖಾಲಿ ಇತ್ತು. ಕೃತಕ ಕಾಲು ಗೋಡೆಗೆ ಒರಗಿ ನಿಂತಿತ್ತು. ಗಲ್ಲಿಯಲ್ಲಿ ಒಂದು ಸ್ಕೂಟರು ಹಾದುಹೋಯಿತು, ಮಾವ ಮಗ್ಗುಲೂ ಬದಲಿಸಲಿಲ್ಲ. ಅಂದು ಮನೆಯಲ್ಲಿ ಎಲ್ಲರಿಗಿಂತ ಮೊದಲು ನಿದ್ದೆಹೋದವರು ಅವರೇ.